ದೊಡ್ಡಪ್ಪನ ತೊಡೆಯಲ್ಲಿ ಇನ್ನೂ ಚೂರುಗಳಿವೆ. ಇಷ್ಟು ವರ್ಷ ಆದಮೇಲೆ ಪರಾಕ್ರಮ ಪದಕ ಕೇಳಬಹುದಾ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ದೊಡ್ಡಪ್ಪನಿಗೆ ಬೆನ್ನುನೋವು ಜಾಸ್ತಿ ಆಯಿತು. ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ಸ್ಕ್ಯಾನಿಂಗ್ ಮಾಡುವ ಹುಡುಗ ಫಾರ್ಮ್ ಹಿಡಿದು ಒಂದೊಂದೇ ಕೇಳುತ್ತಾ ಬಂದ. ಪೇಸ್‌ಮೇಕರ್ ಇದೆಯಾ? ಇಲ್ಲ. ಮೂಳೆಗೆ ರಾಡ್ ಹಾಕಿಸಿದ್ದೀರಾ? ಇಲ್ಲ. ಮೈಯೊಳಗೆ ಲೋಹದ ಚೂರು? "ಇದೆ. ಎಡ ತೊಡೆಯಲ್ಲಿ. ಎಷ್ಟು ಅಂತ ಎಣಿಸಿಲ್ಲ" ಅಂದರು ದೊಡ್ಡಪ್ಪ. ಹುಡುಗ ಪೆನ್ನು ಕೆಳಗಿಟ್ಟ. ಎಂಆರ್‌ಐ ಆಗಲಿಲ್ಲ, ಎಕ್ಸ್‌ರೇ ತೆಗೆದರು. ಏಳು ಚೂರು. ಅಕ್ಕಿಯಲ್ಲಿ ಕಾಣುವ ಬಿಳಿ ಕಲ್ಲಿನ ಹಾಗೆ.

ಕತೆ ನಮಗೆ ಅರ್ಧ ಗೊತ್ತಿತ್ತು. 1980ರಲ್ಲಿ ಸೇನೆಗೆ ಸೇರಿದರು, ಸ್ಯಾಪರ್ ಆಗಿ, ಅಂದರೆ ಎಂಜಿನಿಯರ್ ದಳದ ಸಿಪಾಯಿ. ಯಾವ ಗ್ರೂಪ್ ಎಂದು ಇಲ್ಲಿ ಬರೆಯುವುದಿಲ್ಲ. 1988ರಲ್ಲಿ ಶ್ರೀಲಂಕಾದಲ್ಲಿದ್ದರು, ಶಾಂತಿಪಾಲನಾ ಪಡೆಯಲ್ಲಿ. ಬೆಳಿಗ್ಗೆ ಕಾನ್ವಾಯ್ ಹೊರಡುವ ಮೊದಲು ರಸ್ತೆ ತಪಾಸಣೆ ಮಾಡುವ ಕೆಲಸ. ಒಂದು ದಿನ ಮೋರಿಯೊಳಗೆ ಇಟ್ಟಿದ್ದ ಬಾಂಬು ಸಿಡಿಯಿತು. ಮುಂದೆ ನಡೆಯುತ್ತಿದ್ದ ಇಬ್ಬರು ಉಳಿಯಲಿಲ್ಲ. ಇವರನ್ನು ಹೆಲಿಕಾಪ್ಟರಿನಲ್ಲಿ ಜಾಫ್ನಾ ಹತ್ತಿರದ ಪಲಾಲಿ ವಿಮಾನನೆಲೆಗೆ ತಂದು, ಅಲ್ಲಿಂದ ಮದ್ರಾಸಿಗೆ ಕಳಿಸಿದರಂತೆ. 1997ರಲ್ಲಿ ನಾಯಕ್ ಹುದ್ದೆಯಲ್ಲಿ ನಿವೃತ್ತಿ. ಪಿಂಚಣಿ ಬರುತ್ತಿದೆ, ಜೊತೆಗೆ 20 ಪರ್ಸೆಂಟ್ ಅಂಗವೈಕಲ್ಯದ ಮೊತ್ತವೂ ಇದೆ.

ಡಿಸ್ಚಾರ್ಜ್ ಬುಕ್ ತೆಗೆದು ನೋಡಿದೆ. ಪದಕಗಳ ಪುಟದಲ್ಲಿ ನಾಲ್ಕೈದು ಹೆಸರಿವೆ. ಗಾಯಗೊಂಡವರಿಗೆ ಕೊಡುವ ಪರಾಕ್ರಮ ಪದಕ ಮಾತ್ರ ಇಲ್ಲ. ಕೇಳಿದರೆ "ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ" ಅನ್ನುತ್ತಾರೆ.

ಆರ್‌ಟಿಐ ಹಾಕಿದೆ. ಬೇರೆಯವರ ವೈಯಕ್ತಿಕ ಮಾಹಿತಿ ಎಂದು ವಾಪಸ್ ಬಂತು. ಈಗ ಏನು ಮಾಡಬೇಕು? ಗೊತ್ತಿರುವವರು ಹೇಳಿ.

ಹಳೇ ಬಾಬು

ತಮ್ಮ, ನಾನು ಇಪ್ಪತ್ನಾಲ್ಕು ವರ್ಷ ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಗುಂಡು ಹಾರಿಸಿದ್ದಕ್ಕಿಂತ ರಬ್ಬರ್ ಸ್ಟಾಂಪ್ ಒತ್ತಿದ್ದು ಜಾಸ್ತಿ. ಹಾಗಾಗಿ ಇದು ನನ್ನ ಕ್ಷೇತ್ರ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಈ ಪದಕಕ್ಕೆ ಮುಂಚೆ ವೂಂಡ್ ಮೆಡಲ್ ಎಂದೇ ಹೆಸರು, ಈಗ ಪರಾಕ್ರಮ ಪದಕ. ಬಿಳಿ ಪಟ್ಟಿ, ನಡುವೆ ಕೆಂಪು ಗೆರೆ. ಸಂಸತ್ತಿನ ಮೇಲೆ ದಾಳಿ ಆದಮೇಲೆ 2001-02ರಲ್ಲಿ ಗಡಿಗೆ ಸೈನ್ಯ ಕಳಿಸಿದರಲ್ಲ, ಆಪರೇಷನ್ ಪರಾಕ್ರಮ, ಅದರ ಪದಕ ಬೇರೆ. ಅರ್ಜಿಯಲ್ಲಿ ಬರೀ "ಪರಾಕ್ರಮ ಮೆಡಲ್" ಎಂದು ಬರೆದು, "ನೀವು ಆ ಕಾಲಕ್ಕೆ ಸೇವೆಯಲ್ಲೇ ಇರಲಿಲ್ಲ" ಎಂಬ ಉತ್ತರ ಪಡೆದವರನ್ನು ನೋಡಿದ್ದೇನೆ. ಎರಡೂ ಹೆಸರು ಬರೆಯಿರಿ.

ಎರಡನೆಯದು, ಆರ್‌ಟಿಐ ನಿಮ್ಮ ಹೆಸರಿನಲ್ಲಿ ಹಾಕಿದ್ದೇ ತಪ್ಪು. ದಾಖಲೆ ದೊಡ್ಡಪ್ಪನದು, ಅವರೇ ಸಹಿ ಮಾಡಿ ಕೇಳಬೇಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ, ಗುರುತಿನ ಚೀಟಿ ಮತ್ತು ಪಿಪಿಓ (ಪಿಂಚಣಿ ಆದೇಶ) ಪ್ರತಿ ಇಡಿ. 30 ದಿನದಲ್ಲಿ ಉತ್ತರ ಕೊಡಬೇಕು.

ಏನು ಕೇಳಬೇಕು ಅನ್ನುವುದೇ ಮುಖ್ಯ. "ಎಲ್ಲಾ ದಾಖಲೆ ಕೊಡಿ" ಎಂದು ಬರೆದರೆ ಬೇಡದ ಐವತ್ತು ಹಾಳೆ ಬರುತ್ತವೆ. ಗಾಯವಾದಾಗ ಯೂನಿಟ್‌ನಿಂದ ಕ್ಯಾಶುಯಲ್ಟಿ ಸಿಗ್ನಲ್, ಅಂದರೆ ಗಾಯದ ಸಂದೇಶ, ಹೋಗಿರುತ್ತದೆ. ಆಮೇಲೆ ಅದನ್ನು ಪಾರ್ಟ್ ಟೂ ಆರ್ಡರ್‌ನಲ್ಲಿ ಹಾಕುತ್ತಾರೆ, ಸೈನಿಕನ ಸೇವೆಯಲ್ಲಿ ಆದದ್ದನ್ನೆಲ್ಲ ಯೂನಿಟ್ ದಾಖಲಿಸುವ ಆದೇಶ ಅದು. ಅಲ್ಲಿ ಆ ಗಾಯವನ್ನು ಬ್ಯಾಟಲ್ ಕ್ಯಾಶುಯಲ್ಟಿ (ಯುದ್ಧ, ಕಾರ್ಯಾಚರಣೆಯಲ್ಲಿ ಆದದ್ದು) ಎಂದು ಬರೆದಿದ್ದಾರಾ, ಫಿಸಿಕಲ್ ಕ್ಯಾಶುಯಲ್ಟಿ (ಬೇರೆ ರೀತಿಯಲ್ಲಿ ಆದದ್ದು) ಎಂದು ಬರೆದಿದ್ದಾರಾ ಎಂಬ ಒಂದು ಪದದ ಮೇಲೆ ನಿಮ್ಮ ಕೇಸು ನಿಂತಿದೆ. ಇವೆರಡರ ಜೊತೆ ಐಎಎಫ್‌ವೈ 2006 ಎಂಬ ಗಾಯದ ವರದಿ ಇದ್ದರೆ ಅದನ್ನೂ ಕೇಳಿ. ಬಿಡುಗಡೆ ಹೊತ್ತಿನ ಮೆಡಿಕಲ್ ಬೋರ್ಡ್ ಕಾಗದವನ್ನೂ ಕೇಳಿ.

ಸುಮ್ನೆ ಕೇಳ್ದೆ

ತಪ್ಪು ತಿಳಿಯಬೇಡಿ. ಇದರಿಂದ ದುಡ್ಡೇನಾದರೂ ಬರುತ್ತಾ? ಇಲ್ಲ ಅಂದರೆ ವಯಸ್ಸಾದವರನ್ನು ಯಾಕೆ ಓಡಾಡಿಸಬೇಕು? ಮತ್ತೆ, ಪದಕ ಅನ್ನುವುದು ಅವರಾಗಿ ಕೊಡಬೇಕು. ಕೇಳಿ ಪಡೆಯುವುದು ಒಂಥರಾ ಅನ್ನಿಸುತ್ತೆ.

ಹಳೇ ಬಾಬು

ವೀರ ಚಕ್ರ, ಸೇನಾ ಪದಕ ಇವೆಲ್ಲ ಶೌರ್ಯಕ್ಕೆ. ಯಾರೋ ಕಂಡು, ಬರೆದು, ಮೇಲಿನವರು ಒಪ್ಪಬೇಕು. ಅದನ್ನು ಕೇಳುವ ಹಾಗಿಲ್ಲ, ಒಪ್ಪುತ್ತೇನೆ. ಇದು ಶೌರ್ಯ ಪದಕವೇ ಅಲ್ಲ. ಶತ್ರುವಿನ ನೇರ ದಾಳಿಯಲ್ಲಿ ಗಾಯ ಆಗಿದ್ದರೆ ಸಿಗಬೇಕು, ಅಷ್ಟೇ. ಯುದ್ಧವೇ ಆಗಬೇಕು ಅಂತಿಲ್ಲ, ಯಾವ ಕಾರ್ಯಾಚರಣೆಯೂ ಆಗಬಹುದು, ಬಂಡುಕೋರರ ವಿರುದ್ಧದ್ದೂ ಸೇರಿದೆ. ಶತ್ರು ಹೊಡೆದ ವಿಮಾನದಿಂದ ಹಾರುವಾಗ ಗಾಯಗೊಂಡ ಪೈಲಟ್‌ಗೂ ಉಂಟು. ಹಾಜರಿ ಪುಸ್ತಕದಲ್ಲಿ ಬಿಟ್ಟುಹೋದ ಹಾಜರಿಯನ್ನು ಹಾಕಿ ಎಂದು ಕೇಳಿದರೆ ಅದು ಬೇಡುವುದು ಹೇಗಾಗುತ್ತೆ ಮಾರಾಯರೇ?

ದುಡ್ಡಿನ ವಿಷಯ ಆಮೇಲೆ ಹೇಳುತ್ತೇನೆ. ಅದರಲ್ಲೂ ಒಂದು ಮಾತಿದೆ.

ಗನ್ನರ್ 99

ನನ್ನ ಹತ್ತಿರ ಆ ಪದಕ ಇದೆ. ದ್ರಾಸ್‌ನಲ್ಲಿ ಶೆಲ್ ಬಿದ್ದು ಭುಜಕ್ಕೆ ಚೂರು ಹೊಕ್ಕಿತ್ತು. ನನಗೆ ಏನೂ ಕಷ್ಟ ಆಗಲಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಲೇಬೇಕು. ಕಾರ್ಗಿಲ್ ಅಂದರೆ ಇಡೀ ದೇಶ ಟಿವಿ ಮುಂದೆ ಕೂತಿತ್ತು. 1363 ಜನ ಗಾಯಗೊಂಡರು ಎಂದು ಸರ್ಕಾರದ ಲೆಕ್ಕ, ಆ ಲೆಕ್ಕದಲ್ಲಿ ನಾನೂ ಒಬ್ಬ. ಕಾಗದ ಆಗಿನಿಂದಲೇ ಸರಿಯಾಗಿತ್ತು. ಕಾರ್ಗಿಲ್ ಯುದ್ಧದ ಪದಕ ಆಪ್ ವಿಜಯ್ ಸ್ಟಾರ್ ಬಂತು, ಅದರ ಜೊತೆ ಇದೂ ಬಂತು. ಟೋಲೋಲಿಂಗ್ ಶಿಖರ ಹಿಡಿದ 2 ರಾಜಪೂತಾನಾ ರೈಫಲ್ಸ್‌ನ ಕರ್ನಲ್ ರವೀಂದ್ರನಾಥ್ ನಮ್ಮ ದಾವಣಗೆರೆ ಕಡೆಯವರು ಎಂದು ಊರಲ್ಲಿ ಮಕ್ಕಳಿಗೂ ಗೊತ್ತು.

ಆಪರೇಷನ್ ಪವನ್, ಅಂದರೆ ಶ್ರೀಲಂಕಾ ಕಾರ್ಯಾಚರಣೆಗೆ ಹೋದವರ ಪಾಡು ಹಾಗಲ್ಲ. 1987ರ ಜುಲೈ ಕೊನೆಯಿಂದ 1990ರ ಮಾರ್ಚ್ ತನಕ ಅಲ್ಲಿದ್ದರು. ಸಾವಿರದ ನೂರಕ್ಕೂ ಜಾಸ್ತಿ ಜನ ತೀರಿಕೊಂಡರು, ಕಾರ್ಗಿಲ್‌ನ ಎರಡರಷ್ಟು. ನಮ್ಮ ತಾಲ್ಲೂಕಿನಲ್ಲಿ ಜುಲೈ 26ಕ್ಕೆ ನನಗೆ ಶಾಲು ಹೊದಿಸುತ್ತಾರೆ. ಪಕ್ಕದಲ್ಲಿ ಜಾಫ್ನಾದಿಂದ ಕುಂಟುತ್ತಾ ಬಂದ ಹಿರಿಯರು ಚಪ್ಪಾಳೆ ತಟ್ಟುತ್ತಾ ಕೂತಿರುತ್ತಾರೆ. ನನಗೆ ಮುಜುಗರ ಆಗುತ್ತದೆ.

ದೊಡ್ಡಪ್ಪನ ಜೊತೆ ಇದ್ದ ಯಾರಾದರೂ ಬದುಕಿದ್ದಾರಾ ಹುಡುಕಿ. ಕಾಗದ ಸಿಗದಿದ್ದರೆ ಅವರ ಅಫಿಡವಿಟ್ ಬೇಕಾಗಬಹುದು.

ಮೈಸೂರು ಮಗಳು

ನಮ್ಮದು ಆಗಲಿಲ್ಲ, ಅದನ್ನೂ ಬರೆಯುತ್ತೇನೆ. ಅಪ್ಪ ಸೇನೆಯಲ್ಲಿ ಡ್ರೈವರ್. ಕಾಶ್ಮೀರದಲ್ಲಿ ರಾತ್ರಿ ಕಾನ್ವಾಯ್. ಮುಂದೆ ಗುಂಡಿನ ಸದ್ದು ಕೇಳಿ ಎಲ್ಲಾ ಗಾಡಿ ದೀಪ ಆರಿಸಿ ಓಡಿಸಿದರು. ಅಪ್ಪನ ಗಾಡಿ ಪ್ರಪಾತಕ್ಕೆ ಉರುಳಿತು. ಸೊಂಟ ಮುರಿಯಿತು. ಪದಕಕ್ಕೆ ಬರೆದೆವು, "ರಸ್ತೆ ಅಪಘಾತ" ಎಂದು ಉತ್ತರ ಬಂತು. ಗುಂಡು ಅವರ ಗಾಡಿಗೆ ಬಿದ್ದಿರಲಿಲ್ಲ, ನಿಜ. ಆದರೆ ಗುಂಡು ಹಾರದೇ ಇದ್ದಿದ್ದರೆ ದೀಪ ಯಾಕೆ ಆರಿಸುತ್ತಿದ್ದರು?

ಹಳೇ ಬಾಬು

ಅಮ್ಮಾ, ಇದು ತುಂಬಾ ಜನರಿಗೆ ಆಗಿರುವ ಅನ್ಯಾಯ. ನಿಯಮದ ಪ್ರಕಾರ ಸರಿ, ಮನಸ್ಸಿಗೆ ತಪ್ಪು. ಬ್ಯಾಟಲ್ ಕ್ಯಾಶುಯಲ್ಟಿ ಎಂಬ ಬುಟ್ಟಿ ದೊಡ್ಡದು. ಪದಕದ ಬುಟ್ಟಿ ಅದಕ್ಕಿಂತ ಸಣ್ಣದು. ಕಾರ್ಯಾಚರಣೆ ನಡೆಯುವ ಜಾಗದಲ್ಲಿ ಆದ ಕೆಲವು ಅಪಘಾತಗಳೂ ಮೊದಲನೆಯದರಲ್ಲಿ ಬರುತ್ತವೆ. ಪದಕಕ್ಕೆ ಮಾತ್ರ "ಶತ್ರುವಿನ ನೇರ ಕ್ರಮ" ಅನ್ನುವ ಮಾತು ಅಡ್ಡ ಬರುತ್ತದೆ. ಆಪರೇಷನ್ ಪರಾಕ್ರಮದಲ್ಲಿ ನಾವೇ ಹೂತ ಮೈನ್‌ಗೆ ಕಾಲು ಕಳೆದುಕೊಂಡ ಹುಡುಗರು ಎಷ್ಟು ಜನ! ಅವರ ಕಾಲು ಹೋಗಿದ್ದು ಸುಳ್ಳಾ? ಆದರೆ ಈ ಪದಕದ ವಾಕ್ಯದ ಎದುರು ಅವರ ಕೇಸು ಗಟ್ಟಿ ನಿಲ್ಲುವುದಿಲ್ಲ.

ನಿಮ್ಮ ಅಪ್ಪನ ವಿಷಯದಲ್ಲಿ ಪದಕ ಬಿಡಿ. ಅದನ್ನು ಬ್ಯಾಟಲ್ ಕ್ಯಾಶುಯಲ್ಟಿ ಎಂದು ವರ್ಗ ಮಾಡಿದ್ದಾರಾ ನೋಡಿ. ಅದರ ಮೇಲೆ ಪಿಂಚಣಿ ಬದಲಾಗುತ್ತದೆ.

ಹೇಮಾವತಿಯವರ ದೊಡ್ಡಪ್ಪನ ಕೇಸಿನಲ್ಲಿ ಈ ತೊಂದರೆ ಇಲ್ಲ. ಮೋರಿಯಲ್ಲಿ ಬಾಂಬು ಇಟ್ಟವರು ಎದುರಾಳಿಗಳೇ.

ಹೇಮಾವತಿ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಪ್ಪನ ಸಹಿ ಹಾಕಿಸಿ ಹೊಸ ಆರ್‌ಟಿಐ ಕಳಿಸಿದ್ದೇನೆ. ಸಹಿ ಹಾಕಿಸುವುದಕ್ಕೆ ಮೂರು ದಿನ ಹಿಡಿಯಿತು. "ಮುಂದೆ ಹೋಗುತ್ತಿದ್ದ ಇಬ್ಬರಿಗೆ ಏನು ಕೊಟ್ಟರು ಕೇಳು ಮೊದಲು" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ದೊಡ್ಡಮ್ಮ ಪೆನ್ನು ಕೈಗೆ ಕೊಟ್ಟು, "ಅವರಿಗೂ ಸೇರಿಸಿ ಹಾಕಿ" ಅಂದರು. ಹಾಕಿದರು.

ಇನ್ನೊಂದು ಸಿಕ್ಕಿದೆ. ಟ್ರಂಕಿನ ತಳದಲ್ಲಿ, ಹಳೇ ರೇಷನ್ ಕಾರ್ಡಿನೊಳಗೆ ಮಡಿಸಿಟ್ಟ ಟೆಲಿಗ್ರಾಂ. ಗಾಯ ಆದಾಗ ಅಜ್ಜನಿಗೆ ಬಂದದ್ದು. ಇಂಗ್ಲಿಷಿನಲ್ಲಿತ್ತು, ಊರಿನ ಪೋಸ್ಟ್‌ಮಾಸ್ಟರ್ ಓದಿ ಹೇಳಿದ್ದರಂತೆ. ಮಗ ಹೋಗಿಬಿಟ್ಟ ಎಂದು ಅಜ್ಜಿ ಅಲ್ಲೇ ಕುಸಿದರಂತೆ. ತಾರು ಬಂತು ಅಂದರೆ ಸಾವು ಎಂದೇ ಆ ಕಾಲದಲ್ಲಿ. ನೋಡಿದರೆ ಅದರಲ್ಲಿ ಊಂಡೆಡ್ ಎಂದಿದೆ, ತಾರೀಖು ಇದೆ, ಆರ್ಮಿ ನಂಬರ್ ಇದೆ.

ವಕೀಲಮ್ಮ

ಆ ಟೆಲಿಗ್ರಾಂ ಲ್ಯಾಮಿನೇಟ್ ಮಾಡಿಸಬೇಡಿ! ಎಲ್ಲರೂ ಮೊದಲು ಮಾಡುವ ಕೆಲಸ ಅದೇ. ಸ್ಕ್ಯಾನ್ ಮಾಡಿಸಿ, ಮೂಲವನ್ನು ಕವರಿನಲ್ಲಿಡಿ. ಯಾವ ಕಚೇರಿಗೂ ಮೂಲ ಕಳಿಸಬೇಡಿ.

ಇನ್ನು ಯಾರೋ "ಟ್ರಿಬ್ಯುನಲ್‌ಗೆ ಹಾಕಿ" ಎಂದು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2007ರ ಕಾಯ್ದೆಯಿಂದ ಬಂದದ್ದು. ಆದರೆ ಮೊದಲು ಇಲಾಖೆಯಲ್ಲೇ ಕೇಳಿರಬೇಕು. ಮನವಿ ಕೊಟ್ಟು ಆರು ತಿಂಗಳು ಉತ್ತರ ಬಾರದಿದ್ದರೆ ಬಾಗಿಲು ತೆರೆಯುತ್ತದೆ. ಉತ್ತರ ಬಂದು ಅದು "ಇಲ್ಲ" ಎಂದಿದ್ದರೆ ಅಲ್ಲಿಂದ ಆರು ತಿಂಗಳೊಳಗೆ ಹೋಗಬೇಕು. ಹಾಗಾಗಿ ಎಲ್ಲವನ್ನೂ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟು ಬರುವುದು, ಫೋನಿನಲ್ಲಿ ಕೇಳುವುದು, ಇವುಗಳಿಗೆ ಲೆಕ್ಕ ಇರುವುದಿಲ್ಲ.

ನಿಮ್ಮ ದೊಡ್ಡಪ್ಪನಿಗೆ ಪಿಂಚಣಿ ಇರುವುದು ಅದೃಷ್ಟ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷ ಕಳೆದ ಮೇಲೆ ನಾಶ ಮಾಡುತ್ತಾರೆ. ಲಾಂಗ್ ರೋಲ್ ಎಂಬ ಹೆಸರಿನ ಪಟ್ಟಿಯಲ್ಲಿ ನಾಲ್ಕು ಸಾಲು ಉಳಿದಿರುತ್ತದೆ, ಅಷ್ಟೇ. ನನ್ನ ಹತ್ತಿರ ಬಂದ ಒಬ್ಬ ಅಜ್ಜನಿಗೆ ಹೀಗೇ ಆಯಿತು. ಮೈಮೇಲೆ ಗುಂಡಿನ ಗುರುತು ಇತ್ತು, ಕಾಗದ ಇರಲಿಲ್ಲ.

ಡಲ್ಲಾಸ್ ಕನ್ನಡಿಗ

ಇಲ್ಲೂ ಇದೇ ಗೋಳು. ಅಮೆರಿಕದಲ್ಲಿ ಗಾಯಕ್ಕೆ ಕೊಡುವುದು ಪರ್ಪಲ್ ಹಾರ್ಟ್. 1973ರ ಜುಲೈನಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಜಾಸ್ತಿ ಸೈನಿಕರ ಕಡತ ಸುಟ್ಟುಹೋಯಿತು. ನನ್ನ ಪಕ್ಕದ ಮನೆಯವರು ಈಗಲೂ ಅಪ್ಪನ ಕೊರಿಯಾ ಯುದ್ಧದ ಗಾಯಕ್ಕೆ ಆಸ್ಪತ್ರೆ ಚೀಟಿ, ಮನೆಗೆ ಬರೆದ ಪತ್ರ ಅಂತ ಹುಡುಕುತ್ತಿದ್ದಾರೆ. ಅವರು ಗ್ಯಾರೇಜಿನಲ್ಲಿ ಹುಡುಕುತ್ತಾರೆ, ನೀವು ಟ್ರಂಕಿನಲ್ಲಿ, ಅಷ್ಟೇ ವ್ಯತ್ಯಾಸ.

ಹೇಮಾವತಿ ದಂಡೆ

ಉತ್ತರ ಬಂತು! 34 ದಿನಕ್ಕೆ. ಆದರೆ ತಲೆ ಕೆಟ್ಟಿದೆ.

ಮೆಡಿಕಲ್ ಬೋರ್ಡ್ ಕಾಗದದಲ್ಲಿ "ಎಡ ತೊಡೆಗೆ ಸ್ಪ್ಲಿಂಟರ್ ಗಾಯ, ಸೇನಾ ಸೇವೆಯಿಂದ ಉಂಟಾದದ್ದು" ಎಂದು ಮಾತ್ರ ಇದೆ. ಶತ್ರು ಎಂಬ ಪದವೇ ಇಲ್ಲ. ಶ್ರೀಲಂಕಾ ಎಂದೂ ಇಲ್ಲ. ಗಾಯದ ವರದಿ ಸಿಗುತ್ತಿಲ್ಲವಂತೆ. ಪಾರ್ಟ್ ಟೂ ಆರ್ಡರ್ ಬಗ್ಗೆ ಏನೂ ಹೇಳಿಲ್ಲ, ಆ ಪ್ರಶ್ನೆಯನ್ನೇ ಹಾರಿಸಿದ್ದಾರೆ. ಮುಗಿಯಿತಾ ಕತೆ?

ಹಳೇ ಬಾಬು

ಮುಗಿಯಲಿಲ್ಲ, ಈಗ ಶುರು. ಆಸ್ಪತ್ರೆಯವರು ಏನಾಗಿದೆ ಎಂದು ಬರೆಯುತ್ತಾರೆ. ಹೇಗಾಯಿತು ಎಂದು ಬರೆಯಬೇಕಾದದ್ದು ಯೂನಿಟ್. ಒಂಬತ್ತು ವರ್ಷ ಆದಮೇಲೆ ಕೂತ ಬೋರ್ಡು ಆಸ್ಪತ್ರೆಯ ಹಾಳೆ ನೋಡಿ ನಕಲು ಮಾಡಿದೆ. ಅದರಲ್ಲಿ ಶತ್ರು ಇಲ್ಲ ಅಂದರೆ ಆಶ್ಚರ್ಯವೇನಿಲ್ಲ. ಡಾಕ್ಟರಿಗೆ ಬಾಂಬು ಯಾರು ಇಟ್ಟರು ಅನ್ನುವುದು ಬೇಕಾಗಿಲ್ಲ.

ಹಾರಿಸಿದ ಪ್ರಶ್ನೆ ಇದೆಯಲ್ಲ, ಅದೇ ನಿಮ್ಮ ಬಾಗಿಲು. ಮೊದಲ ಮೇಲ್ಮನವಿ ಹಾಕಿ, 30 ದಿನದೊಳಗೆ. ಒಂದೇ ಪ್ರಶ್ನೆ ಕೇಳಿ. ಟೆಲಿಗ್ರಾಂ ತಾರೀಖಿನಿಂದ ಮುಂದಿನ ಆರು ತಿಂಗಳಲ್ಲಿ ಈ ನಂಬರಿನ ಸೈನಿಕನ ಬಗ್ಗೆ ಹೊರಟ ಪಾರ್ಟ್ ಟೂ ಆರ್ಡರ್‌ಗಳ ಪ್ರತಿ. ಆಸ್ಪತ್ರೆಗೆ ಸೇರಿದ್ದು, ಯೂನಿಟ್ ಬಲದಿಂದ ಕಳೆದದ್ದು, ಮತ್ತೆ ಸೇರಿಸಿದ್ದು ಎಲ್ಲವೂ ಅಲ್ಲಿರಲೇಬೇಕು. ಇಲ್ಲದಿದ್ದರೆ ಅವರಿಗೆ ಸಂಬಳವೇ ಆಗುತ್ತಿರಲಿಲ್ಲ. ಟೆಲಿಗ್ರಾಂ ಪ್ರತಿ ಲಗತ್ತಿಸಿ. ತಾರೀಖು ಕೈಗೆ ಕೊಟ್ಟರೆ ಹುಡುಕುವವನಿಗೂ ಸುಲಭ. ಹುಡುಕುವವನು ನನ್ನಂಥವನೇ ಒಬ್ಬ ಕ್ಲರ್ಕು, ಅವನ ಮೇಜಿನ ಮೇಲೆ ಇಂಥವು ನೂರು ಇರುತ್ತವೆ.

ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೂ ಒಂದು ಸಲ ದೊಡ್ಡಪ್ಪನನ್ನು ಕರೆದುಕೊಂಡು ಹೋಗಿ. ಅವರು ಪದಕ ಕೊಡುವುದಿಲ್ಲ, ಆದರೆ ಮುಂದಕ್ಕೆ ಕಳಿಸುವ ಪತ್ರ ಬರೆದುಕೊಡುತ್ತಾರೆ.

ಸುಮ್ನೆ ಕೇಳ್ದೆ

ಬಾಬು ಸರ್, ದುಡ್ಡಿನ ಮಾತು ಆಮೇಲೆ ಹೇಳ್ತೀನಿ ಅಂದಿದ್ರಿ.

ಹಳೇ ಬಾಬು

ಹೌದಲ್ಲ, ಮರೆತೆ. ಪದಕದಿಂದ ಬರುವುದಲ್ಲ, ಅದೇ ಕಾಗದದಿಂದ ಬರುವುದು. ದೊಡ್ಡಪ್ಪನಿಗೆ ಈಗ ಬರುತ್ತಿರುವುದು ಸಾಮಾನ್ಯ ಅಂಗವೈಕಲ್ಯದ ಮೊತ್ತ. ನೂರಕ್ಕೆ ನೂರು ವೈಕಲ್ಯ ಇದ್ದರೆ ಸಂಬಳದ 30 ಪರ್ಸೆಂಟ್ ಲೆಕ್ಕ. ಅದೇ ಗಾಯ ಯುದ್ಧದ ಗಾಯ ಎಂದಾದರೆ, ಸೇವೆ ಮುಗಿಸಿ ಬಂದವರಿಗೆ 60 ಪರ್ಸೆಂಟ್ ಲೆಕ್ಕ. ನೇರ ಎರಡರಷ್ಟು. ಇದರ ಮೇಲೆ 20 ಪರ್ಸೆಂಟ್ ವೈಕಲ್ಯವನ್ನು 50 ಎಂದು ಪರಿಗಣಿಸುವ ನಿಯಮವೂ ಇದೆ.

ವಕೀಲಮ್ಮ

ಆ 50ರ ಲಾಭ ನಿವೃತ್ತಿಯಾಗಿ ಬಂದವರಿಗೂ ಉಂಟು ಎಂದು ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಿನಲ್ಲಿ ಹೇಳಿದೆ. ಆದರೆ ಹಳೇ ಬಾಕಿ 1997ರಿಂದ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ತಡವಾಗಿ ಬಂದರೆ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕಷ್ಟೇ ಕೊಡುತ್ತಾರೆ. 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಬಂದ ಪದ್ಧತಿ ಅದು. ಹಾಗಾಗಿ ಒಂದೊಂದು ತಿಂಗಳು ತಡ ಮಾಡಿದರೂ ನಷ್ಟವೇ.

ಗನ್ನರ್ 99

ಪದಕ ಹುಡುಕಲು ಹೋಗಿ ಪಿಂಚಣಿ ಸಿಕ್ಕಿತು! ನಮ್ಮಲ್ಲಿ ಎಷ್ಟು ಜನ ಇದೇ ತಪ್ಪು ಲೆಕ್ಕದಲ್ಲಿ ಪಿಂಚಣಿ ತೆಗೆದುಕೊಳ್ಳುತ್ತಾ ತೀರಿಹೋದರೋ.

ಹೇಮಾವತಿ ದಂಡೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮೇಲ್ಮನವಿಗೆ ಉತ್ತರ ಬಂತು. ಒಂದೇ ಹಾಳೆ, ಟೈಪ್ ಮಾಡಿದ್ದು, ಅರ್ಧ ಅಳಿಸಿಹೋಗಿದೆ. ಹನ್ನೊಂದು ಹೆಸರು. ಮೊದಲ ಎರಡು ಹೆಸರಿನ ಮುಂದೆ ಬ್ಯಾಟಲ್ ಕ್ಯಾಶುಯಲ್ಟಿ, ಕಿಲ್ಡ್. ಮೂರನೆಯದು ದೊಡ್ಡಪ್ಪನದು. ಬ್ಯಾಟಲ್ ಕ್ಯಾಶುಯಲ್ಟಿ, ಊಂಡೆಡ್, ಐಇಡಿ (ಹುದುಗಿಸಿಟ್ಟ ಬಾಂಬು), ಆಪರೇಷನ್ ಪವನ್.

ದೊಡ್ಡಪ್ಪನಿಗೆ ಕನ್ನಡಕ ಕೊಟ್ಟು ತೋರಿಸಿದೆ. ತಮ್ಮ ಹೆಸರು ಓದಲಿಲ್ಲ. ಮೊದಲ ಎರಡು ಹೆಸರಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಒಬ್ಬರು ತಮಿಳುನಾಡಿನ ಸೇಲಂ ಕಡೆಯವರಂತೆ, ಹಾಡು ಚೆನ್ನಾಗಿ ಹೇಳುತ್ತಿದ್ದರಂತೆ. ಇಷ್ಟು ವರ್ಷದಲ್ಲಿ ಈ ಮಾತು ನಾವು ಕೇಳಿದ್ದು ಇದೇ ಮೊದಲು.

ಪದಕದ ಅರ್ಜಿ ಸೈನಿಕ ಕಲ್ಯಾಣ ಕಚೇರಿಯ ಪತ್ರದ ಜೊತೆ ಹೋಗಿದೆ. ಮುಖ್ಯ ಕಚೇರಿಗೆ ಕಳಿಸಿದ್ದೇವೆ ಎಂದು ರೆಕಾರ್ಡ್ ಆಫೀಸಿನಿಂದ ಉತ್ತರವೂ ಬಂತು. ಈಗ ಒಂದು ಸಣ್ಣ ತೊಡಕು. ಸೇನೆಯ ಕಾಗದದಲ್ಲಿ ದೊಡ್ಡಪ್ಪನ ಹೆಸರಿನ ಕೊನೆಗೆ "ಗೌಡ" ಇಲ್ಲ. ಆಧಾರ್‌ನಲ್ಲಿದೆ. ಪಿಂಚಣಿಯ ಸ್ಪರ್ಶ್ ಖಾತೆಯಲ್ಲೂ ಈಗ ಇದೆ. ಪದಕದ ಅಂಚಿನಲ್ಲಿ ಹೆಸರು ಕೊರೆಯುತ್ತಾರಲ್ಲ, ಯಾವುದು ಬರೆಸಬೇಕು? ಮೊದಲು ತಿದ್ದುಪಡಿ ಮಾಡಿಸಬೇಕಾ?

ಹಳೇ ಬಾಬು

ತಿದ್ದುಪಡಿಗೆ ಕೈ ಹಾಕಿದರೆ ಇನ್ನೊಂದು ವರ್ಷ. ದೊಡ್ಡಪ್ಪನನ್ನೇ ಕೇಳಿ.

ಹೇಮಾವತಿ ದಂಡೆ

ಕೇಳಿದೆ. "ಅಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರೇ ಇರಲಿ" ಅಂದರು.

ಹಳೇ ಬಾಬು

ಹಾಗಾದರೆ ಪದಕದ ಅರ್ಜಿ ಹೇಗಿದೆಯೋ ಹಾಗೇ ಬಿಡಿ. ಪಿಂಚಣಿ ಅರ್ಜಿಗೆ ಮಾತ್ರ ಸ್ಪರ್ಶ್‌ನಲ್ಲಿರುವ ಹೆಸರೇ ಹಾಕಿ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೊತೆಗಿರಲಿ. ಎರಡು ಅರ್ಜಿಯನ್ನೂ ಒಂದೇ ಕವರಿನಲ್ಲಿ ಹಾಕಬೇಡಿ, ಒಂದು ಕಳೆದುಹೋದರೆ ಎರಡೂ ಹೋಗುತ್ತವೆ. ಆ ಹನ್ನೊಂದು ಹೆಸರಿನ ಹಾಳೆ ಇದೆಯಲ್ಲ, ಉಳಿದ ಎಂಟು ಜನ ಎಲ್ಲಿದ್ದಾರೆ ಅಂತ ದೊಡ್ಡಪ್ಪನಿಗೆ ಏನಾದರೂ ಗೊತ್ತಾ? ಊರಿನ ಹೆಸರು ನೆನಪಿದ್ದರೂ ಸಾಕು. ನನಗೆ ಖಾಸಗಿ ಸಂದೇಶ ಕಳಿಸಿ.